ಸಿಹಿನೀರಿನ ಸೀಸವೂ ಉಪ್ಪುನೀರಿನ ಸೀಸವೂ

ಹಾಲು ಕೊಳ್ಳುವ ಅನೇಕ ಮನೆಗಳಲ್ಲಿ ಹಿಂದೆ ಒಂದು ಗಾಜಿನ ಕೊಳವೆ ಇರುತ್ತಿದ್ದಿತು. ಹಾಲಿನ ಪರೀಕ್ಷೆ ನಡೆಯುವ ಕಡೆಗಳಲ್ಲಿ ಅದನ್ನು ಈಗಲೂ ಕಾಣಬಹುದು. ಕೆಳಗೆ ಭಾರವಾದ ಬುಡ, ಮೇಲೆ ಸಣ್ಣ ಕತ್ತು, ಕತ್ತಿನ ಮೇಲೆ ಗೆರೆಗಳು. ಅದಕ್ಕೆ ಲ್ಯಾಕ್ಟೋಮೀಟರ್ ಎಂದು ಹೆಸರು. ಗಟ್ಟಿಯಾದ ಹಾಲಿನಲ್ಲಿ ಬಿಟ್ಟರೆ ಅದು ಕತ್ತನ್ನು ಮೇಲಕ್ಕೆತ್ತಿ ನಿಲ್ಲುವುದು. ನೀರು ಬೆರೆತ ಹಾಲಿನಲ್ಲಿ ಬಿಟ್ಟರೆ ಇನ್ನಷ್ಟು ಕೆಳಗಿಳಿಯುವುದು. ಕೊಳವೆಯ ತೂಕವು ಎರಡು ಕಡೆಯೂ ಒಂದೇ. ಬದಲಾದುದು ಅದನ್ನು ಹೊತ್ತಿರುವ ದ್ರವ ಮಾತ್ರ. ಈ ತಿಂಗಳು ನಾವು ವಿಚಾರಿಸಬೇಕೆಂದಿರುವ ವಿಷಯವೂ ಇದೇ ಜಾತಿಯದು. ಆದರೆ ಇಲ್ಲಿ ಗಾಜಿನ ಕೊಳವೆಯ ಸ್ಥಾನದಲ್ಲಿ ಮನುಷ್ಯನೇ ಇರುವನು. ಹಾಲಿನ ಸ್ಥಾನದಲ್ಲಿ ಸಮುದ್ರವಿರುವುದು. ಲೆಕ್ಕ ತಪ್ಪಿದರೆ ಹೋಗುವುದು ಹಾಲಿನ ಹಣವಲ್ಲ.

ಬೆಂಗಳೂರಿನಲ್ಲಿ ವಾಸವಾಗಿರುವ ಒಬ್ಬ ತಾಯಿಯವರು ನಮಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಮಗಳು ಈಜುಕೊಳವೊಂದರಲ್ಲಿ ಸ್ಕೂಬಾ ಎಂಬ ಮುಳುಗುವ ವಿದ್ಯೆಯನ್ನು ಅಭ್ಯಾಸಮಾಡಿರುವಳಂತೆ. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ರೆಗ್ಯುಲೇಟರ್ ಎಂಬ ಸಾಧನವನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನೊಳಗೆಯೇ ಉಸಿರಾಡುತ್ತ ಸಂಚರಿಸುವ ವಿದ್ಯೆಯಿದು. ಜಾಕ್ ಕುಸ್ತೋ, ಎಮಿಲ್ ಗಾನ್ಯಾನ್ ಎಂಬ ಇಬ್ಬರು ಫ್ರೆಂಚರು 1943ರಲ್ಲಿ ರೂಪಿಸಿದ ಉಪಕರಣದಿಂದ ಇದು ಸಾಮಾನ್ಯರಿಗೂ ಎಟುಕುವಂತಾಯಿತು. ಕೊಳದಲ್ಲಿ ಆ ಹುಡುಗಿಯ ಸೊಂಟಕ್ಕೆ 4 ಕಿಲೋಗ್ರಾಂ ಸೀಸವನ್ನು ಕಟ್ಟಿದ್ದರು. ಈಗ ಆಕೆಯು ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವವಳಿದ್ದಾಳೆ. ಅಲ್ಲಿ 6 ಕಿಲೋಗ್ರಾಂ ಬೇಕಾದೀತೆಂದು ಶಿಕ್ಷಕರು ಹೇಳಿರುವರಂತೆ. “ಕೊಳಕ್ಕಿಂತ ಸಮುದ್ರವು ಎಷ್ಟೋ ಆಳವಾದುದು. ಅಲ್ಲಿ ಮಗುವಿನ ಮೈಮೇಲಿನ ಸೀಸವನ್ನು ಕಡಮೆ ಮಾಡಬೇಕಲ್ಲದೆ ಹೆಚ್ಚು ಮಾಡುವುದುಂಟೇ?” ಎಂಬುದು ಆ ತಾಯಿಯವರ ಆತಂಕ.

ಆತಂಕವು ಸಹಜವಾದುದು, ಪ್ರಶ್ನೆಯೂ ಯೋಗ್ಯವಾದುದು. ನೀರಿಗಿಳಿಯುವವರ ಸೊಂಟಕ್ಕೆ ಭಾರ ಕಟ್ಟುವುದೆಂದರೆ ನಮ್ಮ ಹಿರಿಯರ ಕಿವಿಗೆ ಅದು ಅಶುಭವಾಗಿಯೇ ಕೇಳಿಸುವುದು. ಆದುದರಿಂದ ಸೀಸವನ್ನು ಕಟ್ಟುವುದಾದರೂ ಏಕೆಂಬುದನ್ನು ಮೊದಲು ನೋಡೋಣ.

ನೀರಿನಲ್ಲಿ ಇಳಿದ ಯಾವ ವಸ್ತುವಾದರೂ ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುವುದು. ಹಾಗೆ ಸರಿದ ನೀರಿನ ತೂಕ ಎಷ್ಟೋ ಅಷ್ಟು ಬಲದಿಂದ ನೀರು ಆ ವಸ್ತುವನ್ನು ಮೇಲಕ್ಕೆ ನೂಕುವುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಕ್ಯೂಸ್ ಪಟ್ಟಣದಲ್ಲಿದ್ದ ಆರ್ಕಿಮಿಡೀಸನು ಕಂಡುಕೊಂಡ ಈ ತತ್ತ್ವವನ್ನು ವಾಚಕರು ಶಾಲೆಯಲ್ಲಿ ಓದಿರುವರು. ಬಾವಿಯಿಂದ ಕೊಡವನ್ನು ಸೇದುವಾಗ, ಕೊಡವು ನೀರಿನೊಳಗಿರುವವರೆಗೆ ಹಗುರವಾಗಿದ್ದು, ನೀರನ್ನು ಬಿಟ್ಟೊಡನೆ ಹಗ್ಗವು ಕೈಯನ್ನು ಜಗ್ಗುವುದಷ್ಟೆ. ಅಲ್ಲಿ ಆಗುವುದೂ ಇದೇ. ವಸ್ತುವಿನ ತೂಕವು ನೀರಿನ ನೂಕಿಗಿಂತ ಕಡಮೆಯಾದರೆ ಅದು ತೇಲುವುದು, ಹೆಚ್ಚಾದರೆ ಮುಳುಗುವುದು, ಸಮನಾದರೆ ಮೇಲೂ ಹೋಗದೆ ಕೆಳಗೂ ಹೋಗದೆ ಇದ್ದಲ್ಲಿಯೇ ನಿಲ್ಲುವುದು.

ಮುಳುಗುವ ವಿದ್ಯೆಯವರು ಬಯಸುವುದು ಈ ಮೂರನೆಯ ಸ್ಥಿತಿಯನ್ನು. ಮನುಷ್ಯನ ದೇಹವು ಶ್ವಾಸಕೋಶಗಳಲ್ಲಿ ಗಾಳಿಯಿರುವುದರಿಂದ ಸಾಮಾನ್ಯವಾಗಿ ತುಸು ತೇಲುವುದು. ಚಳಿಗಾಗಿ ತೊಡುವ ವೆಟ್‌ಸೂಟ್ ಎಂಬ ರಬ್ಬರಿನಂತಹ ಉಡುಪು ಇನ್ನೂ ಹೆಚ್ಚಾಗಿ ತೇಲಿಸುವುದು. ಈ ತೇಲುವಿಕೆಯನ್ನು ಸರಿದೂಗಿಸುವುದಕ್ಕಾಗಿ ಸೀಸವನ್ನು ಕಟ್ಟುವರು. ಸೀಸವು ಮುಳುಗಿಸುವುದಕ್ಕಾಗಿ ಅಲ್ಲ, ತಕ್ಕಡಿಯ ಎರಡು ತಟ್ಟೆಗಳನ್ನು ಸಮಮಾಡುವುದಕ್ಕಾಗಿ. ತರಕಾರಿಯ ಎದುರಿನ ತಟ್ಟೆಯಲ್ಲಿ ಕಲ್ಲನ್ನಿಡುವ ವರ್ತಕನು ತಟ್ಟೆಯನ್ನು ನೆಲಕ್ಕೆ ಮುಟ್ಟಿಸಬೇಕೆಂದು ಇಡುವುದಿಲ್ಲವಷ್ಟೆ.

ಇನ್ನು ನೀರಿನ ಭೇದವನ್ನು ನೋಡೋಣ. ಒಂದು ಲೀಟರು ಸಿಹಿನೀರಿನ ತೂಕ ಹೆಚ್ಚುಕಡಮೆ 1000 ಗ್ರಾಂ. ಒಂದು ಲೀಟರು ಸಮುದ್ರದ ನೀರಿನ ತೂಕ ಸುಮಾರು 1025 ಗ್ರಾಂ. ಸಮುದ್ರದ ನೀರಿನ ಪ್ರತಿಯೊಂದು ಕಿಲೋಗ್ರಾಮಿನಲ್ಲಿಯೂ ಸುಮಾರು 35 ಗ್ರಾಂ ಲವಣಗಳು ಕರಗಿರುವುದೇ ಇದಕ್ಕೆ ಕಾರಣ. ಲೀಟರಿಗೆ 25 ಗ್ರಾಂ ಎಂದರೆ ಏನು ಮಹಾ ಎಂದು ತೋರಬಹುದು. ಆದರೆ ಮನುಷ್ಯನು ಸರಿಸುವುದು ಒಂದು ಲೀಟರನ್ನಲ್ಲ.

ಲೆಕ್ಕ ಹಾಕೋಣ. ಆ ಹುಡುಗಿಯ ಮೈತೂಕ 52 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸಿಲಿಂಡರು, ಉಡುಪು, ಕೊಳದಲ್ಲಿ ಕಟ್ಟಿದ 4 ಕಿಲೋಗ್ರಾಂ ಸೀಸ ಮೊದಲಾದುವೆಲ್ಲ ಸೇರಿ 28 ಕಿಲೋಗ್ರಾಂ. ಒಟ್ಟು 80. ಆಕೆಯು ಸಿಹಿನೀರಿನಲ್ಲಿ ತೇಲದೆ ಮುಳುಗದೆ ಸಮವಾಗಿ ನಿಂತಿದ್ದರೆ, ಆಕೆ ಸರಿಸಿದ ನೀರೂ 80 ಕಿಲೋಗ್ರಾಂ, ಎಂದರೆ 80 ಲೀಟರು ಎಂದಾಯಿತು. ಅದೇ ಹುಡುಗಿ ಅದೇ ಉಡುಪಿನಲ್ಲಿ ಸಮುದ್ರಕ್ಕಿಳಿದರೆ ಸರಿಸುವ ನೀರು ಅಷ್ಟೇ 80 ಲೀಟರು. ಆದರೆ ಅದರ ತೂಕ 82 ಕಿಲೋಗ್ರಾಂ. ಸಮುದ್ರವು ಆಕೆಯನ್ನು 2 ಕಿಲೋಗ್ರಾಮಿನಷ್ಟು ಹೆಚ್ಚು ಬಲದಿಂದ ಮೇಲಕ್ಕೆತ್ತುವುದು. ಆ ಎತ್ತುವಿಕೆಗೆ ಎದುರಾಗಿ 2 ಕಿಲೋಗ್ರಾಂ ಸೀಸ ಬೇಕು. ಶಿಕ್ಷಕರು 4ನ್ನು 6 ಎಂದುದಕ್ಕೆ ಕಾರಣವಿಷ್ಟೆ. ಆಳಕ್ಕೂ ಇದಕ್ಕೂ ಸಂಬಂಧವಿಲ್ಲ. ಸಮುದ್ರವು ಎದೆಮಟ್ಟದ್ದಾಗಿದ್ದರೂ ಈ ಎರಡು ಕಿಲೋಗ್ರಾಂ ಬೇಕಾಗಿಯೇ ಇರುತ್ತಿದ್ದಿತು. ಅದು ಮಗುವನ್ನು ಕೆಳಕ್ಕೆ ಎಳೆಯುವ ಭಾರವಲ್ಲ. ಉಪ್ಪು ಎತ್ತಿದುದನ್ನು ಸರಿದೂಗಿಸುವ ಭಾರ.

ಸೂಕ್ಷ್ಮವಾಗಿ ನೋಡುವವರಿಗೆ ಇನ್ನೊಂದು ಮಾತು. ಸೀಸವೂ ಒಂದಿಷ್ಟು ನೀರನ್ನು ಸರಿಸುವುದರಿಂದ ಅದರ ತೂಕವೂ ನೀರಿನೊಳಗೆ ಕಡಮೆಯಾಗುವುದು. ಸೀಸವು ನೀರಿಗಿಂತ ಹನ್ನೊಂದು ಪಾಲಿಗೂ ಮಿಕ್ಕಿ ಭಾರವಾದುದರಿಂದ, ಒಂದು ಕಿಲೋಗ್ರಾಂ ಸೀಸವು ನೀರಿನೊಳಗೆ ಸುಮಾರು 910 ಗ್ರಾಂನಷ್ಟು ಮಾತ್ರ ಕೆಳಕ್ಕೆ ಎಳೆಯುವುದು. ಆದುದರಿಂದ ಕಾಗದದ ಮೇಲಿನ 2 ಕಿಲೋಗ್ರಾಂ ವ್ಯವಹಾರದಲ್ಲಿ 2 ಕಿಲೋಗ್ರಾಂ 200 ಗ್ರಾಂ ಆಗುವುದು. ಸೀಸದ ಗಟ್ಟಿಗಳು ಸಾಮಾನ್ಯವಾಗಿ ಅರ್ಧ ಕಿಲೋ, ಒಂದು ಕಿಲೋ ಎಂಬ ಅಳತೆಗಳಲ್ಲಿ ಬರುವುದರಿಂದ, ಎರಡೋ ಎರಡೂವರೆಯೋ ಎಂಬುದನ್ನು ನೀರಿನಲ್ಲಿಯೇ ಪರೀಕ್ಷಿಸಿ ತೀರ್ಮಾನಿಸಬೇಕು.

ಇಲ್ಲಿ ಜನರು ಎಡವುವ ಒಂದು ಸ್ಥಳವುಂಟು. ಸಮುದ್ರದ ನೀರು ನೂರಕ್ಕೆ ಎರಡೂವರೆಯಷ್ಟು ಭಾರವೆಂದು ಕೇಳಿದವರು, “ಹಾಗಾದರೆ ಸೀಸವನ್ನೂ ನೂರಕ್ಕೆ ಎರಡೂವರೆಯಷ್ಟು ಹೆಚ್ಚಿಸಿದರಾಯಿತು” ಎನ್ನುವರು. 4 ಕಿಲೋಗ್ರಾಮಿಗೆ ಅದು ಬರಿಯ 100 ಗ್ರಾಂ! ಅಷ್ಟರಿಂದ ಏನೂ ಆಗದು. ಎರಡೂವರೆಯ ಲೆಕ್ಕವನ್ನು ಹಾಕಬೇಕಾದುದು ಸೀಸದ ಮೇಲಲ್ಲ. ಮನುಷ್ಯ, ಉಡುಪು, ಸಿಲಿಂಡರು, ಸೀಸ ಎಲ್ಲವೂ ಸೇರಿದ ಒಟ್ಟು ಭಾರದ ಮೇಲೆ. ಆದುದರಿಂದಲೇ ಕೊಳದಲ್ಲಿ 2 ಕಿಲೋಗ್ರಾಂ ಸೀಸ ಸಾಕಾಗಿದ್ದವನಿಗೂ 8 ಕಿಲೋಗ್ರಾಂ ಬೇಕಾಗಿದ್ದವನಿಗೂ, ಅವರ ಒಟ್ಟು ಭಾರವು ಸಮನಾಗಿದ್ದರೆ, ಸಮುದ್ರದಲ್ಲಿ ಸೇರಿಸಬೇಕಾದುದು ಒಂದೇ. ಸಲಕರಣೆಯೊಡನೆ 65 ಕಿಲೋಗ್ರಾಂ ತೂಗುವವನಿಗೆ ಒಂದೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು; 120 ಕಿಲೋಗ್ರಾಂ ತೂಗುವವನಿಗೆ 3 ಕಿಲೋಗ್ರಾಂ. ದೊಡ್ಡವರಲ್ಲಿ ಬಹುಮಂದಿಗೆ ಈ ವ್ಯತ್ಯಾಸವು 2ರಿಂದ 3 ಕಿಲೋಗ್ರಾಮಿನೊಳಗೇ ಇರುವುದು.

ಬರಿಯ ಮಾತನ್ನು ನಂಬಬೇಕಾಗಿಲ್ಲ. ಅಡಿಗೆಮನೆಯಲ್ಲಿಯೇ ಇದನ್ನು ನೋಡಬಹುದು. ಮುಚ್ಚಳ ಬಿಗಿಯಾಗಿರುವ ಒಂದು ಸಣ್ಣ ಬಾಟಲಿಯನ್ನು ತೆಗೆದುಕೊಳ್ಳಿ. ಅದರೊಳಗೆ ಒಣಮರಳನ್ನು ಸ್ವಲ್ಪಸ್ವಲ್ಪವಾಗಿ ತುಂಬುತ್ತ, ಹತ್ತು ಲೀಟರು ಸಿಹಿನೀರಿರುವ ಬಕೀಟಿನಲ್ಲಿ ಬಿಟ್ಟು ನೋಡುತ್ತ, ಅದು ತೇಲುವುದನ್ನು ಬಿಟ್ಟು ಮುಳುಗುವುದಕ್ಕೆ ಮೊದಲಾಗುವ ಹದಕ್ಕೆ ತನ್ನಿ. ಈಗ ಅದನ್ನು ಒರಸಿ ತೂಕಮಾಡಿ. 200 ಗ್ರಾಂ ಬಂದಿತೆನ್ನೋಣ. ಬಳಿಕ ಬಕೀಟಿನ ನೀರಿನಲ್ಲಿ 350 ಗ್ರಾಂ ಉಪ್ಪನ್ನು ಹಾಕಿ ಚೆನ್ನಾಗಿ ಕಲಕಿ ಕರಗಿಸಿದರೆ, ಹೆಚ್ಚುಕಡಮೆ ಸಮುದ್ರದ ನೀರೇ ಮನೆಗೆ ಬಂದಂತಾಯಿತು. ಮುಳುಗಿದ್ದ ಬಾಟಲಿಯು ಈಗ ಮೇಲೆದ್ದು ತೇಲುವುದು. ಅದನ್ನು ಮೊದಲಿನ ಹದಕ್ಕೆ ತರಬೇಕಾದರೆ ಇನ್ನು ಸುಮಾರು 5 ಗ್ರಾಂ ಮರಳು ಬೇಕು. 400 ಗ್ರಾಂ ತೂಗುವ ದೊಡ್ಡ ಬಾಟಲಿಯಾದರೆ 10 ಗ್ರಾಂ. ದಪ್ಪ ಗಾಜಿನ ಬಾಟಲಿಗೆ ಮೊದಲೇ ಕಡಮೆ ಮರಳು ಸಾಕಾಗಿರುವುದು, ತೆಳುವಾದ ಪ್ಲಾಸ್ಟಿಕ್ ಬಾಟಲಿಗೆ ಹೆಚ್ಚು ಮರಳು ಬೇಕಾಗಿರುವುದು. ಆದರೆ ಹೊರಗಿನ ಗಾತ್ರವು ಒಂದೇ ಆಗಿದ್ದರೆ ಉಪ್ಪುನೀರಿಗಾಗಿ ಸೇರಿಸುವ ಮರಳು ಎರಡಕ್ಕೂ ಒಂದೇ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಮಾಡಿದರೆ ಒಂದು ರಜೆಯ ಮಧ್ಯಾಹ್ನವು ಸಾರ್ಥಕವಾಗುವುದು.

ಈ ಪ್ರಯೋಗದಲ್ಲಿ ಉಪ್ಪನ್ನು ಸರಿಯಾಗಿ ಕಲಕದೆ ಬಿಟ್ಟರೆ ಒಂದು ವಿನೋದವು ಕಾಣುವುದು. ಭಾರವಾದ ಉಪ್ಪುನೀರು ತಳದಲ್ಲಿ ನಿಂತು, ಸಿಹಿನೀರು ಮೇಲೆ ಉಳಿದು, ಬಾಟಲಿಯು ಮೇಲಕ್ಕೂ ಬಾರದೆ ತಳವನ್ನೂ ಮುಟ್ಟದೆ ನಡುವೆ ತೂಗಾಡುವುದು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಪ್ರಕೃತಿಯೇ ಈ ಪ್ರಯೋಗವನ್ನು ಮಾಡುತ್ತಿರುವುದು. ಹೊನ್ನಾವರದಲ್ಲಿ ಶರಾವತಿಯೂ ಮಂಗಳೂರಿನಲ್ಲಿ ನೇತ್ರಾವತಿಯೂ ಸಮುದ್ರವನ್ನು ಸೇರುವವು. ಇಂತಹ ಸಂಗಮಗಳಲ್ಲಿ ಹಗುರವಾದ ಹೊಳೆಯ ನೀರು ಮೇಲೆ ಹರಡಿಕೊಳ್ಳುವುದು, ಉಪ್ಪುನೀರು ಅಡಿಯಲ್ಲಿ ನುಗ್ಗುವುದು. ಆದುದರಿಂದ “ಸಮುದ್ರ” ಎಂಬ ಹೆಸರೊಂದನ್ನೇ ಕೇಳಿ ತೂಕವನ್ನು ನಿಶ್ಚಯಿಸಬಾರದು.

ಸಮುದ್ರಗಳಲ್ಲಿಯೂ ಭೇದವುಂಟು. ಉತ್ತರ ಯೂರೋಪಿನ ಬಾಲ್ಟಿಕ್ ಸಮುದ್ರದ ನಡುಭಾಗದಲ್ಲಿ ಮೇಲ್ಮೈಯ ನೀರಿನ ಉಪ್ಪು ಸಾವಿರಕ್ಕೆ ಸುಮಾರು 7 ಪಾಲು ಮಾತ್ರ. ಅದು ಸಿಹಿನೀರಿಗೇ ಸಮೀಪ. ಕೆಂಪು ಸಮುದ್ರದಲ್ಲಿ ಅದು ಸಾವಿರಕ್ಕೆ ಸುಮಾರು 40. ಇಸ್ರೇಲ್ ಮತ್ತು ಜೋರ್ಡಾನ್ ದೇಶಗಳ ನಡುವಿನ ಮೃತಸಮುದ್ರವಂತೂ ಉಪ್ಪಿನ ಪಾಕವೇ ಸರಿ. ಅದರ ಒಂದು ಲೀಟರು ಸುಮಾರು 1240 ಗ್ರಾಂ ತೂಗುವುದು. ನಮ್ಮ ಹುಡುಗಿ ಅಲ್ಲಿ ಮುಳುಗಬೇಕಾದರೆ ಸುಮಾರು 19 ಕಿಲೋಗ್ರಾಮಿನ ಹೆಚ್ಚಿನ ಎತ್ತುವಿಕೆಯನ್ನು ಗೆಲ್ಲಬೇಕು. ಅಲ್ಲಿ ಜನರು ನೀರಿನ ಮೇಲೆ ಒರಗಿಕೊಂಡು ಪತ್ರಿಕೆ ಓದುವ ಚಿತ್ರಗಳನ್ನು ವಾಚಕರು ನೋಡಿರಬಹುದು.

ನಮ್ಮ ಪುರಾಣಗಳು ಸಪ್ತಸಮುದ್ರಗಳನ್ನು ಹೇಳುವಾಗ ಲವಣಸಮುದ್ರವನ್ನು ಮೊದಲು ಹೇಳಿ, ಇಕ್ಷು, ಸುರೆ, ಘೃತ, ದಧಿ, ಕ್ಷೀರಗಳನ್ನು ದಾಟಿ, ಶುದ್ಧೋದಕವನ್ನು ಕೊನೆಗೆ ಹೇಳುವುವು. ಈ ಏಳರಲ್ಲಿಯೂ ಮುಳುಗುವ ಸಾಹಸಿಯೊಬ್ಬನಿದ್ದರೆ ಅವನಿಗೆ ಏಳು ಬಗೆಯ ಸೀಸದ ಪಟ್ಟಿಗಳು ಬೇಕಾಗುತ್ತಿದ್ದುವು. ಕ್ಷೀರಸಮುದ್ರಕ್ಕೆ ಲವಣಸಮುದ್ರದ ಪಟ್ಟಿಯೇ ಹೆಚ್ಚುಕಡಮೆ ಸಾಕು. ಏಕೆಂದರೆ ಒಂದು ಲೀಟರು ಹಾಲು ಸುಮಾರು 1030 ಗ್ರಾಂ ತೂಗುವುದು. ಘೃತಸಮುದ್ರದಲ್ಲಿ ಮಾತ್ರ ಎಚ್ಚರ! ಕರಗಿದ ತುಪ್ಪವು ಲೀಟರಿಗೆ ಸುಮಾರು 910 ಗ್ರಾಂ ಮಾತ್ರ. ಅಲ್ಲಿ ಸೀಸವನ್ನೆಲ್ಲ ಬಿಚ್ಚಿಟ್ಟರೂ ಮನುಷ್ಯನು ಕಲ್ಲಿನಂತೆ ತಳಕ್ಕೆ ಹೋಗುವನು. ವಿನೋದವು ಹಾಗಿರಲಿ, ದ್ರವವು ಬದಲಾದರೆ ಭಾರದ ಲೆಕ್ಕವೂ ಬದಲಾಗಬೇಕೆಂಬುದು ಇದರಿಂದ ಮನಸ್ಸಿನಲ್ಲಿ ನಿಲ್ಲುವುದು.

ಹಡಗಿನವರು ಇದನ್ನು ಬಹುಕಾಲದಿಂದ ಬಲ್ಲರು. ಇಂಗ್ಲೆಂಡಿನಲ್ಲಿ ಸಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬಾತನ ಹೋರಾಟದಿಂದ 1876ರಲ್ಲಿ ಒಂದು ಶಾಸನವಾಗಿ, ಹಡಗಿನ ಪಕ್ಕದಲ್ಲಿ ಭಾರದ ಮೇರೆಯನ್ನು ಸೂಚಿಸುವ ಗುರುತು ಕಡ್ಡಾಯವಾಯಿತು. ಇಂದಿನ ಹಡಗುಗಳ ಮೇಲೆ ಸಿಹಿನೀರಿಗೆ ಬೇರೆ ಗೆರೆ, ಉಪ್ಪುನೀರಿಗೆ ಬೇರೆ ಗೆರೆ ಇರುವುವು. ಸಿಹಿನೀರಿನ ಗೆರೆ ಮೇಲಿರುವುದು. ಹೊಳೆಯ ಬಂದರಿನಲ್ಲಿ ಆ ಗೆರೆಯವರೆಗೆ ಮುಳುಗಿದ ಹಡಗು ಸಮುದ್ರವನ್ನು ಸೇರಿದೊಡನೆ ತಾನಾಗಿ ಮೇಲೇಳುವುದೆಂದು ಅವರಿಗೆ ತಿಳಿದಿದೆ. ಹಡಗಿಗೆ ಬೇಕಾದ ಎಚ್ಚರಿಕೆಯು ಮನುಷ್ಯನಿಗೆ ಬೇಡವೇ?

“ಇಷ್ಟೆಲ್ಲ ಲೆಕ್ಕವೇಕೆ? ಒಂದೆರಡು ಕಿಲೋಗ್ರಾಂ ಹೆಚ್ಚಾಗಿಯೇ ಕಟ್ಟಿಕೊಂಡರೆ ಎಲ್ಲ ನೀರಿಗೂ ಆಯಿತು” ಎಂದು ಕೆಲವರು ಹೇಳುವುದುಂಟು. ಈ ವಿಷಯದಲ್ಲಿ ಅತ್ಯಂತ ಅಪಾಯಕರವಾದ ಮಾತು ಇದೇ. ಸಂಸ್ಕೃತದಲ್ಲಿ ಭಾರವಾದುದನ್ನು ಗುರು ಎಂದೂ ಹಗುರವಾದುದನ್ನು ಲಘು ಎಂದೂ ಹೇಳುವರು. ಛಂದಸ್ಸಿನಲ್ಲಿ ಒಂದು ಗುರುವು ಹೆಚ್ಚಾದರೆ ಪದ್ಯವು ಕೆಡುವುದು. ಇಲ್ಲಿ ಹೆಚ್ಚಾದರೆ ಉಸಿರು ಕೆಡುವುದು. ಅದು ಹೇಗೆಂಬುದನ್ನು ನೋಡೋಣ.

ಮುಳುಗುವವರು ಬಿ.ಸಿ.ಡಿ. ಎಂಬ ಗಾಳಿತುಂಬುವ ಅಂಗಿಯನ್ನು ತೊಟ್ಟಿರುವರು. ಸೀಸವು 4 ಕಿಲೋಗ್ರಾಂ ಹೆಚ್ಚಾಗಿದ್ದವನು ಸಮವಾಗಿ ನಿಲ್ಲಬೇಕಾದರೆ, ಆ ಅಂಗಿಯಲ್ಲಿ ಸುಮಾರು 4 ಲೀಟರು ಗಾಳಿಯನ್ನು ಹೆಚ್ಚಾಗಿ ತುಂಬಬೇಕು. ನೀರಿನಲ್ಲಿ 10 ಮೀಟರು ಇಳಿದರೆ ಒತ್ತಡವು ಮೇಲಿರುವುದರ ಎರಡರಷ್ಟಾಗುವುದು. ಅಲ್ಲಿ ತುಂಬಿದ 4 ಲೀಟರು ಗಾಳಿಯು, ಅವನು 5 ಮೀಟರಿನ ಮಟ್ಟಕ್ಕೆ ಏರುವಷ್ಟರಲ್ಲಿ ಹಿಗ್ಗಿ 5 ಲೀಟರಿಗೂ ಮಿಕ್ಕಿ ಆಗುವುದು. ಮೇಲಕ್ಕೆ ಬರುವಷ್ಟರಲ್ಲಿ 8 ಲೀಟರಾಗುವುದು. ಗಾಳಿಯು ಹಿಗ್ಗಿದಷ್ಟೂ ಅವನು ವೇಗವಾಗಿ ಏರುವನು. ಏರಿದಷ್ಟೂ ಗಾಳಿಯು ಹಿಗ್ಗುವುದು. ಸಕಾಲದಲ್ಲಿ ಗಾಳಿಯನ್ನು ಬಿಡದಿದ್ದರೆ ಅವನು ಬಾಣದಂತೆ ಮೇಲಕ್ಕೆ ಚಿಮ್ಮುವನು. ಹಾಗೆ ಏರುವಾಗ ಭಯದಿಂದ ಉಸಿರನ್ನು ಬಿಗಿಹಿಡಿದರೆ ಶ್ವಾಸಕೋಶದೊಳಗಿನ ಗಾಳಿಯೂ ಹಿಗ್ಗಿ ಅದನ್ನು ಹರಿಯಬಹುದು. ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಳಾಗಿ ಹೊರಟು ಕೀಲುಗಳನ್ನೂ ನರಗಳನ್ನೂ ಕೆಡಿಸಬಹುದು. ಭಾರವನ್ನು ಹೆಚ್ಚಿಸಿಕೊಂಡವನಿಗೆ ಕೆಳಗೆ ಬೀಳುವ ಭಯ ಮಾತ್ರವಲ್ಲ, ಮೇಲಕ್ಕೆ ಹಾರುವ ಭಯವೂ ಕೂಡಿ ಬರುವುದೆಂಬುದು ಇಲ್ಲಿನ ವಿಚಿತ್ರ. ಇದರ ಜೊತೆಗೆ, ಭಾರವನ್ನು ಹೊತ್ತು ಈಜುವ ಶ್ರಮದಿಂದ ಸಿಲಿಂಡರಿನ ಗಾಳಿಯೂ ಬೇಗನೆ ಮುಗಿಯುವುದು.

ಹಾಗಾದರೆ ಸರಿಯಾದ ಭಾರವನ್ನು ತಿಳಿಯುವ ಬಗೆ ಹೇಗೆ? ಲೆಕ್ಕವು ದಾರಿಯನ್ನು ತೋರುವುದು. ತೀರ್ಪನ್ನು ಕೊಡುವುದು ನೀರೇ. ಕಾಲಿಗೆ ನೆಲ ಸಿಕ್ಕದ ನೀರಿನಲ್ಲಿ, ಶಿಕ್ಷಕರು ಪಕ್ಕದಲ್ಲಿರುವಾಗ, ಎಲ್ಲ ಸಲಕರಣೆಗಳನ್ನೂ ತೊಟ್ಟು, ರೆಗ್ಯುಲೇಟರನ್ನು ಬಾಯಲ್ಲಿಟ್ಟು, ಅಂಗಿಯ ಗಾಳಿಯನ್ನೆಲ್ಲ ಹೊರಬಿಟ್ಟು, ಸಹಜವಾದ ಒಂದು ಉಸಿರನ್ನು ತೆಗೆದುಕೊಂಡು ಕೈಕಾಲಾಡಿಸದೆ ನೆಟ್ಟಗೆ ನಿಲ್ಲಬೇಕು. ನೀರಿನ ಮಟ್ಟವು ಕಣ್ಣುಗಳ ನೇರಕ್ಕೆ ಬಂದು, ಉಸಿರನ್ನು ಹೊರಕ್ಕೆ ಬಿಟ್ಟಾಗ ಮೆಲ್ಲಮೆಲ್ಲನೆ ಮುಳುಗುವುದಾದರೆ ಭಾರವು ಸರಿಯಾಗಿದೆ. ಉಸಿರು ತುಂಬಿದ್ದಾಗಲೇ ಮುಳುಗಿಹೋದರೆ ಭಾರವು ಹೆಚ್ಚು. ಉಸಿರನ್ನು ಬಿಟ್ಟರೂ ತಲೆಯು ಮೇಲೆಯೇ ಇದ್ದರೆ ಕಡಮೆ. ಲ್ಯಾಕ್ಟೋಮೀಟರಿನ ಕತ್ತಿನಲ್ಲಿ ಗೆರೆಯಿರುವಂತೆ ಮನುಷ್ಯನಿಗೆ ಕಣ್ಣೇ ಗೆರೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಉಸಿರನ್ನು ಹಿಡಿದು ನಿಲ್ಲುವುದು ನೀರಿನ ಮೇಲ್ಮಟ್ಟದ ಈ ಪರೀಕ್ಷೆಗೆ ಮಾತ್ರ, ಕೆಳಗಿಳಿದ ಮೇಲೆ ಉಸಿರನ್ನು ಎಂದಿಗೂ ಹಿಡಿಯಲಾಗದು.

ಈ ಪರೀಕ್ಷೆಯಲ್ಲಿ ಮರೆಯಬಾರದ ಅಂಶವೊಂದಿದೆ. ಗಾಳಿಗೂ ತೂಕವುಂಟು. ಒಂದು ಲೀಟರು ಗಾಳಿ ಸುಮಾರು 1.2 ಗ್ರಾಂ ತೂಗುವುದು. ಬಳಕೆಯಲ್ಲಿರುವ ಸುಮಾರು 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿಯನ್ನು ತುಂಬಿದರೆ, ಅದರೊಳಗೆ ಸೇರಿದ ಗಾಳಿಯ ತೂಕ ಎರಡೂವರೆ ಕಿಲೋಗ್ರಾಮಿಗಿಂತಲೂ ಹೆಚ್ಚಾಗುವುದು. 50 ಬಾರ್ ಉಳಿಯುವಷ್ಟರಲ್ಲಿ, ಮುಳುಗಿದವನು ಸುಮಾರು 2 ಕಿಲೋಗ್ರಾಂ ಗಾಳಿಯನ್ನು ಉಸಿರಾಡಿ ಮುಗಿಸಿರುವನು, ಅಷ್ಟರಮಟ್ಟಿಗೆ ಹಗುರವಾಗಿರುವನು. ತುಂಬಿದ ಸಿಲಿಂಡರಿನೊಡನೆ ಸಮವಾಗಿದ್ದವನು ಕೊನೆಗೆ ಮೇಲಕ್ಕೆ ತೇಲತೊಡಗುವನು. ಏರುವ ಮುನ್ನ 5 ಮೀಟರಿನ ಮಟ್ಟದಲ್ಲಿ ಮೂರು ನಿಮಿಷ ನಿಂತು ಬರುವುದು ಈ ವಿದ್ಯೆಯ ಪದ್ಧತಿ. ನಿಲ್ಲಬೇಕಾದ ಆ ಹೊತ್ತಿನಲ್ಲಿಯೇ ಅವನು ನಿಲ್ಲಲಾರದೆ ಹೋಗುವನು. ಆದುದರಿಂದ ಸಿಲಿಂಡರು ಬಹುಮಟ್ಟಿಗೆ ಖಾಲಿಯಾಗಿರುವಾಗ ಪರೀಕ್ಷಿಸುವುದು ಉತ್ತಮ. ತುಂಬಿದ ಸಿಲಿಂಡರಿನೊಡನೆ ಪರೀಕ್ಷಿಸಿದರೆ ಈ ಎರಡು ಕಿಲೋಗ್ರಾಮನ್ನು ಸೇರಿಸಿಕೊಳ್ಳಬೇಕು. ಉಪ್ಪು ಕೇಳುವ ಎರಡು ಕಿಲೋಗ್ರಾಂ ಬೇರೆ, ಉಸಿರು ಒಯ್ಯುವ ಎರಡು ಕಿಲೋಗ್ರಾಂ ಬೇರೆ. ಎರಡನ್ನೂ ಒಂದೆಂದು ತಿಳಿದು ಒಂದನ್ನು ಬಿಡುವುದೂ ತಪ್ಪು, ಲೆಕ್ಕಕ್ಕೆ ಬಂದುದನ್ನು ಮತ್ತೊಮ್ಮೆ ಸೇರಿಸುವುದೂ ತಪ್ಪು.

ಉಡುಪಿನ ಮಾತನ್ನೂ ಹೇಳಬೇಕು. ಕೊಳದಲ್ಲಿ ತೆಳುವಾದ ಬಟ್ಟೆಯಲ್ಲಿ ಅಭ್ಯಾಸಮಾಡಿ, ಸಮುದ್ರದಲ್ಲಿ ದಪ್ಪನಾದ ವೆಟ್‌ಸೂಟ್ ತೊಟ್ಟರೆ ಲೆಕ್ಕವು ಪುನಃ ಬದಲಾಗುವುದು. ಆ ಉಡುಪಿನ ರಬ್ಬರಿನಲ್ಲಿ ಅಸಂಖ್ಯವಾದ ಗಾಳಿಗುಳ್ಳೆಗಳಿದ್ದು ಅವು ಮೇಲಕ್ಕೆತ್ತುವುವು. ಆಳಕ್ಕೆ ಹೋದಂತೆ ಗುಳ್ಳೆಗಳು ಕುಗ್ಗಿ ಎತ್ತುವ ಬಲವು ತಗ್ಗುವುದು. ಆದುದರಿಂದ ಉಪ್ಪಿಗೆಂದು ಹಾಕಿದ ಲೆಕ್ಕವು ಉಡುಪೂ ಸಿಲಿಂಡರೂ ಬದಲಾಗದಿದ್ದಾಗ ಮಾತ್ರ ನಿಲ್ಲುವುದು. ಉಡುಪು ಬದಲಾದರೆ ಪರೀಕ್ಷೆಯನ್ನು ಮೊದಲಿನಿಂದ ಮಾಡತಕ್ಕದ್ದು.

ಇನ್ನೊಂದು ದಿಕ್ಕಿನ ಪ್ರಯಾಣವನ್ನು ಜನರು ಮರೆಯುವುದೇ ಹೆಚ್ಚು. ಸಮುದ್ರದಲ್ಲಿ ಕಲಿತವನು ಕೆರೆಗೋ ಕೊಳಕ್ಕೋ ಬಂದರೆ ಅದೇ ಎರಡು ಮೂರು ಕಿಲೋಗ್ರಾಮನ್ನು ಬಿಚ್ಚಿಡಬೇಕು. ಸಿಹಿನೀರಿನಿಂದ ಉಪ್ಪುನೀರಿಗೆ ಬಂದು ಸೇರಿಸುವುದನ್ನು ಮರೆತವನಿಗೆ, ಬಹುಮಟ್ಟಿಗೆ, ನೀರೇ ಬಾಗಿಲನ್ನು ಮುಚ್ಚುವುದು. ಅವನು ಮುಳುಗಲಾರದೆ ಮೇಲೆಯೇ ಒದ್ದಾಡಿ ತನ್ನ ತಪ್ಪನ್ನು ಅರಿಯುವನು. ಉಪ್ಪುನೀರಿನಿಂದ ಸಿಹಿನೀರಿಗೆ ಬಂದು ಬಿಚ್ಚುವುದನ್ನು ಮರೆತವನಿಗೆ ಬಾಗಿಲು ತೆರೆದೇ ಇರುವುದು. ಅವನು ಸಲೀಸಾಗಿ ಇಳಿಯುವನು, ಮತ್ತೂ ಇಳಿಯುವನು. ಕಿವಿಯ ಒತ್ತಡವನ್ನು ಸರಿಮಾಡಿಕೊಳ್ಳುವುದಕ್ಕೂ ಅವಕಾಶವಿಲ್ಲದೆ ತಳವನ್ನು ಮುಟ್ಟಿದ ಮೇಲೆಯೇ ಅವನಿಗೆ ಸಂಗತಿ ತಿಳಿಯುವುದು. ಸೇರಿಸುವುದನ್ನು ಮರೆಯುವುದಕ್ಕಿಂತ ಬಿಚ್ಚುವುದನ್ನು ಮರೆಯುವುದೇ ಹೆಚ್ಚು ಭಯಂಕರವೆಂದು ನಾವು ಹೇಳುವುದು ಇದರಿಂದಲೇ.

ಮನೆಯ ಹಿರಿಯರು ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವಾಗ ಭಯಪಟ್ಟು ತಡೆಯಬೇಕಾದುದೂ ಇಲ್ಲ, ಕಣ್ಣುಮುಚ್ಚಿ ಒಪ್ಪಬೇಕಾದುದೂ ಇಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಹಿಂದಿನ ಸಲ ಮುಳುಗಿದುದು ಸಿಹಿನೀರಿನಲ್ಲೋ ಉಪ್ಪುನೀರಿನಲ್ಲೋ? ಆಗ ತೊಟ್ಟಿದ್ದ ಉಡುಪೂ ಸಿಲಿಂಡರೂ ಈಗಿನವೇ ಆಗಿವೆಯೇ? ಆಗಿನ ಪರೀಕ್ಷೆ ತುಂಬಿದ ಸಿಲಿಂಡರಿನೊಡನೆ ನಡೆಯಿತೋ ಖಾಲಿಯಾದುದರೊಡನೆಯೋ? ಹೊಸ ನೀರಿನಲ್ಲಿ ಇಳಿಯುವ ಮುನ್ನ ಮೇಲ್ಮಟ್ಟದಲ್ಲಿ ಮತ್ತೊಮ್ಮೆ ಪರೀಕ್ಷಿಸುವರೇ? ಈ ಉತ್ತರಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಪ್ರತಿಸಲವೂ ಬರೆದಿಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ನೀರು ಯಾವುದು, ಉಡುಪು ಎಷ್ಟು ದಪ್ಪ, ಸೀಸ ಎಷ್ಟು, ಕೊನೆಯಲ್ಲಿ ನಿಲ್ಲಲು ಸಾಧ್ಯವಾಯಿತೇ ಎಂಬ ನಾಲ್ಕು ಸಾಲುಗಳು ಮುಂದಿನ ಸಲಕ್ಕೆ ಒಬ್ಬ ಗುರುವಿನಷ್ಟು ಉಪಕಾರವನ್ನು ಮಾಡುವುವು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಸೀಸದ ಪಟ್ಟಿಯ ಕೊಂಡಿಯು ಒಂದೇ ಕೈಯಿಂದ ಕ್ಷಣದಲ್ಲಿ ಬಿಚ್ಚುವಂತಿರುವುದು. ಆಪತ್ತಿನಲ್ಲಿ ಮೇಲ್ಮಟ್ಟಕ್ಕೆ ಬಂದವನು ತೇಲಿ ಉಳಿಯಬೇಕಾದರೆ ಸೀಸವನ್ನು ಕಳಚಿ ಎಸೆಯಬೇಕು. ಇಂತಹ ಅಪಘಾತಗಳ ವರದಿಗಳನ್ನು ನೋಡಿದರೆ, ಪ್ರಾಣ ಕಳೆದುಕೊಂಡವರ ಸೊಂಟದಲ್ಲಿ ಸೀಸದ ಪಟ್ಟಿಯು ಬಿಚ್ಚದೆ ಹಾಗೆಯೇ ಇದ್ದಿತೆಂಬ ಸಂಗತಿಯು ಮತ್ತೆ ಮತ್ತೆ ಕಾಣಬರುವುದು. ಭಾರವನ್ನು ಕಟ್ಟಿಕೊಳ್ಳುವುದನ್ನು ಕಲಿತವರು ಅದನ್ನು ಕಳಚುವುದನ್ನೂ, ಕೈಗೆ ತಾನಾಗಿ ಬರುವವರೆಗೆ, ಅಷ್ಟೇ ಶ್ರದ್ಧೆಯಿಂದ ಕಲಿಯಬೇಕು. ಸೀಸವು ಕೊಂಡರೆ ಇನ್ನೂ ಸಿಕ್ಕುವುದು.